ಸಾಧಾರಣ ವೇಗದ ಹೆಂಗಸು

ಲಾಂಡ್ರಿಯಲ್ಲಿ ಆಕೆಯನ್ನು ಎಲ್ಲರೂ ಎಕ್ಸ್‌ಪ್ರೆಸ್ಸಕ್ಕ ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅದನ್ನು ಯಾರಾದರೂ ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಆಕೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳಂತೆ. ನಗರದ ಕಾರ್ಖಾನೆಗಳಲ್ಲಿ ದುಡಿಮೆಯನ್ನು ಅಳೆಯುವ ಪದ್ಧತಿ ಹೇಗೆ ಬಂದಿತೆಂಬುದನ್ನು, ಅಳೆದವರ ವರದಿಗಳಿಂದಲ್ಲದೆ ಅಳತೆಗೆ ಒಳಗಾದವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸಕ್ಕಾಗಿ ನಾನು ಆಕೆಯ ಮನೆಗೆ ಹೋದೆ. ಒಂದು ಮಧ್ಯಾಹ್ನದಲ್ಲಿ ಮುಗಿಯುವುದೆಂದು ಭಾವಿಸಿದ್ದ ಸಂದರ್ಶನ ಹಲವು ವಾರ ಬೆಳೆಯಿತು. ಆಕೆಯ ಮಾತಿನ ವೇಗ ಇದಕ್ಕೆ ಕಾರಣವಲ್ಲ. ಪಕ್ಕದಲ್ಲಿಯೇ ಗೋಡೆಗೆ ಒರಗಿ ಕುಳಿತಿರುತ್ತಿದ್ದ ಆಕೆಯ ಗಂಡನ ಅಕ್ಕ ಪ್ರತಿ ಎರಡನೆಯ ವಾಕ್ಯವನ್ನು ತಿದ್ದುತ್ತಿದ್ದರು.

ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಮೊದಲ ಪ್ರಶ್ನೆ ಹೀಗಿತ್ತು: ಉತ್ಪಾದಕತೆ ಹೆಚ್ಚಿದಾಗ ನಿಮ್ಮ ಜೀವನಮಟ್ಟದಲ್ಲಿ ಏನು ಬದಲಾವಣೆ ಆಯಿತು?

ಆಕೆ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಸೀಲಿಂಗ್ ನೋಡಿದರು.

"ಉತ್ಪಾದಕತೆ ಅಂದ್ರೆ ನಾನೇ," ಎಂದಳು ಆಕೆ. "ಆ ಲಾಂಡ್ರಿಗೆ ಅದನ್ನ ತಂದವಳೇ ನಾನು. ಊರವರ ಕೈಲೆಲ್ಲಾ ಬೈಸಿಕೊಂಡೆ. ಮೊದಲಿಂದ ಹೇಳ್ತೀನಿ, ಬರ್ಕೊಳ್ಳಿ."

ಮೊದಲಿಂದ ಎಂದರೆ ಹುಟ್ಟಿನಿಂದ. ಎಂಟನೆಯ ತಿಂಗಳಿಗೇ ಹುಟ್ಟಿದ ಮಗು ಆಕೆ. ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ತಾಯಿ ಆ ದಿನವೂ ಕೆಲಸಕ್ಕೆ ಹೋಗಿದ್ದು, ತರಕಾರಿ ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. "ಆ ತರಕಾರಿ ಮುಗಿಸೋಷ್ಟೂ ತಾಳ್ಮೆ ಇರಲಿಲ್ಲ ನನಗೆ," ಎನ್ನುತ್ತಾಳೆ. ಶಾಲೆಯಲ್ಲಿ ಪರೀಕ್ಷೆ ಬರೆದು ಎಲ್ಲರಿಗಿಂತ ಮೊದಲು ಹೊರಗೆ ಬರುತ್ತಿದ್ದಳು. ಎಲ್ಲರಿಗಿಂತ ಮೊದಲು ನಪಾಸೂ ಆದಳು. ಮದುವೆಯ ಕಥೆಯಂತೂ ಇನ್ನೂ ಚುರುಕಿನದು. ಬೋರ್ಡ್ ಬರೆಯುವ ಕಲಾವಿದನೊಬ್ಬ ಆಕೆಯ ಬೀದಿಯ ಔಷಧಿ ಅಂಗಡಿಯ ಗೋಡೆಗೆ ಅಕ್ಷರ ಬರೆಯಲು ಬಂದ. ಒಂದು ಅಕ್ಷರಕ್ಕೊಂದು ಟೀ ಕುಡಿಯುವಷ್ಟು ನಿಧಾನದವನು. ದಿನವೂ ಹೋಗಿ ಬರುವಾಗ ನೋಡುತ್ತಿದ್ದಳು. ಅವನಿಗೂ ಇವಳನ್ನು ಮಾತನಾಡಿಸಬೇಕೆಂದಿತ್ತು, ಆದರೆ ಬೋರ್ಡ್ ಮುಗಿದ ಮೇಲೆ ಮಾತನಾಡಿಸೋಣವೆಂದು ತಡೆದಿದ್ದ.

"ಅದು ಮುಗಿಯೋ ಹಾಗೆ ಕಾಣ್ಲಿಲ್ಲ. ನಾನೇ ಏಣಿ ಕೆಳಗೆ ಹೋಗಿ ಕೇಳಿದೆ, ಮದುವೆ ಆಗೋ ಯೋಚನೆ ಇದೆಯೇನ್ರೀ ಅಂತ."

"ನನ್ನ ತಮ್ಮ ಏಣಿ ಮೇಲಿಂದ ಬಿದ್ದ," ಎಂದರು ಅತ್ತಿಗೆ.

"ಬೀಳಲಿಲ್ಲ ಅತ್ತಿಗೆ. ಬಣ್ಣದ ಡಬ್ಬ ಬಿತ್ತು."

"ಡಬ್ಬದ ಜೊತೆ ಅವನೂ ಬಿದ್ದ. ಮನೆಗೆ ಬಂದಾಗ ಮೊಣಕಾಲಿಗೆ ನಾನೇ ಎಣ್ಣೆ ಹಚ್ಚಿದ್ದು."

ಈ ಅತ್ತಿಗೆಯೇ ತಂದೆ ತಾಯಿ ಇಲ್ಲದ ತಮ್ಮನನ್ನು ಸಾಕಿದವರು. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ಲಾಂಡ್ರಿ ಸೇರಿದ್ದರು. ತಮ್ಮನ ಹೆಂಡತಿ ಬೆಳಗಿನ ಕೆಲಸವನ್ನೆಲ್ಲ ಮುಗಿಸಿ, ಇನ್ನೇನು ಮಾಡಲೆಂದು ತಿಳಿಯದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವುದನ್ನು ಕಂಡು ಅವಳನ್ನೂ ಅಲ್ಲಿಗೆ ಕರೆದೊಯ್ದರು. ಮೂವರೂ ಇದ್ದದ್ದು ಒಂದೇ ಕೋಣೆಯ ಮನೆಯಲ್ಲಿ. ಮಗಳು ಹುಟ್ಟಿದ ಮೇಲೆ ನಾಲ್ವರಾದರು.

ಲಾಂಡ್ರಿ ಹಲವು ಆಸ್ಪತ್ರೆಗಳ ಬಟ್ಟೆ ಒಗೆಯುತ್ತಿತ್ತು. ಒಂದು ಕಾಲದಲ್ಲಿ ಗೋದಾಮಾಗಿದ್ದ ಉದ್ದನೆಯ ಕಟ್ಟಡ. ಕಿಟಕಿಗಳು ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ. ಒಂದು ತುದಿಯಲ್ಲಿ ಒದ್ದೆ ಹಾಲ್. ಅಲ್ಲಿ ನೀರು ಕುಡಿದ ಬಟ್ಟೆಯ ರಾಶಿಯನ್ನು ಯಂತ್ರದ ಬಾಯಿಂದ ಎಳೆದು ಗಾಡಿಗೆ ತುಂಬುವುದು ಕೆಲಸ, ತೋಳಿನಲ್ಲಿ ಬಲವಿದ್ದವರಿಗೆ ಮಾತ್ರ ಹೇಳಿಮಾಡಿಸಿದ್ದು. ನಡುವೆ ಒಣಗಿಸುವ ಯಂತ್ರಗಳು. ಇನ್ನೊಂದು ತುದಿಯಲ್ಲಿ ಮಡಿಕೆ ಹಾಲ್. ಅಲ್ಲಿ ಸಾಲಾಗಿ ಮೇಜುಗಳು, ಒಬ್ಬೊಬ್ಬಳಿಗೆ ಒಂದೊಂದು. ಮೂಲೆಯಲ್ಲಿ ಗುರುತಿನ ಮೇಜು. ಯಾವ ಬಟ್ಟೆ ಯಾವ ವಾರ್ಡಿನದೆಂದು ತಿಳಿಯಲು ಸಣ್ಣ ಪಟ್ಟಿಯನ್ನು ಹೊಲಿಯುವ ಜಾಗ ಅದು. ಇಡೀ ಹಾಲಿನಲ್ಲಿ ಕುರ್ಚಿ ಇದ್ದದ್ದು ಅದೊಂದಕ್ಕೇ.

ಮಡಿಕೆ ಹಾಲಿನ ಮುಖ್ಯ ಕೆಲಸ ರೋಗಿಗಳ ಅಂಗಿ. ಬೆನ್ನಿನ ಕಡೆ ತೆರೆದು ಲಾಡಿ ಕಟ್ಟುವಂಥ ಸಡಿಲ ಅಂಗಿ. ಬಿಸಿ ಆರುವ ಮೊದಲು ಅದನ್ನೆತ್ತಿ ಒಮ್ಮೆ ಜೋರಾಗಿ ಕೊಡವಬೇಕು, ಇಲ್ಲದಿದ್ದರೆ ಸುಕ್ಕು ನಿಂತುಬಿಡುತ್ತದೆ. ಆಮೇಲೆ ಮೇಜಿನ ಮೇಲೆ ಹರಡಿ, ತೋಳುಗಳನ್ನು ಒಳಕ್ಕೆ ಮಡಚಿ, ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಎರಡು ಮಡಿಕೆ ಹಾಕಿ, ಅದರದೇ ಲಾಡಿಯಿಂದ ಕಟ್ಟಿ ಪಕ್ಕಕ್ಕಿಡಬೇಕು. ದಿನಕ್ಕೆ ಇಷ್ಟು ಎಂಬ ಕೋಟಾ ಇತ್ತು. ಅದಕ್ಕಿಂತ ಹೆಚ್ಚು ಮಾಡಿದವರಿಗೆ ವಾರದ ಕೊನೆಯಲ್ಲಿ ಬೋನಸ್. ಎಕ್ಸ್‌ಪ್ರೆಸ್ಸಕ್ಕ ಪ್ರತಿ ವಾರವೂ ಬೋನಸ್ ತೆಗೆದುಕೊಂಡಳು. ಅದರಿಂದ ಮನೆಗೆ ಫ್ಯಾನ್ ಬಂತು, ಬಾಗಿಲಿರುವ ಬೀರು ಬಂತು, ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿಯಬಹುದೆಂಬ ಮಾತೂ ಮನೆಯಲ್ಲಿ ಬಂತು.

ಆ ಹೊತ್ತಿಗೆ ಲಾಂಡ್ರಿಗೆ ಹೊಸ ಆಡಳಿತ ಬಂದಿತು. ಕೋಟಾ ಹಳೆಯದು, ಅಂದಾಜಿನದು, ಇನ್ನು ಮುಂದೆ ಅದನ್ನು ಶಾಸ್ತ್ರೀಯವಾಗಿ ನಿಗದಿ ಮಾಡಬೇಕೆಂದು ತೀರ್ಮಾನವಾಯಿತು. ಅದಕ್ಕಾಗಿ ಬಂದವರೇ ಗಡಿಯಾರದ ಸಾರ್. ತೆಳ್ಳನೆಯ, ಮೆದು ಮಾತಿನ ಮನುಷ್ಯ. ಎದೆಗೊತ್ತಿ ಹಿಡಿದ ಒಂದು ಹಲಗೆ, ಅದರ ಮೂಲೆಗೆ ಸಿಕ್ಕಿಸಿದ ಸ್ಟಾಪ್‌ವಾಚ್. ಬಂದ ದಿನವೇ ಹೆಂಗಸರನ್ನೆಲ್ಲ ನಿಲ್ಲಿಸಿ ತಾವು ಮಾಡಲಿರುವುದೇನೆಂದು ವಿವರಿಸಿದರು. ಗಡಿಯಾರ ಹೇಳುವುದು ಅರ್ಧ ಮಾತ್ರ. ಉಳಿದರ್ಧ ಕಣ್ಣಿನ ಕೆಲಸ: ತಾವು ನೋಡುತ್ತಿರುವವಳು ಸಾಧಾರಣ ವೇಗದಲ್ಲಿ ಮಾಡುತ್ತಿದ್ದಾಳೋ ಅತಿ ವೇಗದಲ್ಲಿ ಮಾಡುತ್ತಿದ್ದಾಳೋ ಎಂದು ಅಂದಾಜು ಮಾಡಬೇಕು. ಅತಿ ವೇಗದವಳಾದರೆ, ಉಳಿದವರಿಗೆ ಅನ್ಯಾಯವಾಗದಂತೆ ಕೋಟಾವನ್ನು ಅಷ್ಟು ಇಳಿಸಬೇಕು.

ಈ ಎರಡನೆಯ ಅರ್ಧವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಸ್ಟಾಪ್‌ವಾಚಿನ ಮೇಲಿತ್ತು.

ಟೀ ಹೊತ್ತಿನಲ್ಲಿ ಹೆಂಗಸರು ಒಂದು ಒಪ್ಪಂದಕ್ಕೆ ಬಂದರು. ಪಕ್ಕದ ಮೇಜಿನ ಕುಳ್ಳಿ, ಆ ಹಾಲಿನ ಚೂಪು ನಾಲಿಗೆಯವಳು, ಅದನ್ನು ಸ್ಪಷ್ಟವಾಗಿ ಹೇಳಿದಳು. "ಅವರು ಯಾರ ಪಕ್ಕ ಬಂದು ನಿಂತ್ರೂ ಸರಿ, ಆಕೆ ಕೈ ನಿಧಾನ ಮಾಡ್ಬೇಕು. ಅರ್ಥ ಆಯ್ತಾ? ಎಕ್ಸ್‌ಪ್ರೆಸ್ಸಕ್ಕ, ನಿಮಗೇ ಹೇಳ್ತಿರೋದು."

"ನನಗೆ ಅಷ್ಟೂ ಗೊತ್ತಾಗಲ್ವೇನೆ?"

"ಗೊತ್ತಾಗುತ್ತೆ ಅಕ್ಕಾ. ನಿಮ್ಮ ಕೈಗೆ ಗೊತ್ತಾಗಬೇಕಲ್ಲ."

ಸಾರ್ ಹಾಲಿನಲ್ಲಿ ಎರಡು ಸುತ್ತು ಹಾಕಿ ಬಂದು ನಿಂತದ್ದು ಎಕ್ಸ್‌ಪ್ರೆಸ್ಸಕ್ಕನ ಮೇಜಿನ ಬಳಿಯೇ. ಉಳಿದವರೆಲ್ಲ ಗಾಬರಿಯಲ್ಲಿ ಬೆವರುತ್ತಿದ್ದರು, ಈಕೆಯೊಬ್ಬಳೇ ಆರಾಮಾಗಿ ಕಂಡಳೆಂದು ಅವರು ಆಮೇಲೆ ಹೇಳಿದರು. ಸಹಜವಾಗಿ ಮಾಡಿ ಅಮ್ಮಾ, ನಾನಿಲ್ಲ ಅಂದುಕೊಳ್ಳಿ ಎಂದರು. ಮುಂದಿನದನ್ನು ಆಕೆಯ ಮಾತಿನಲ್ಲಿಯೇ ಕೊಡುತ್ತೇನೆ.

"ನಿಧಾನ ಅಂತಲೇ ಶುರು ಮಾಡಿದೆ, ದೇವರಾಣೆ. ಎರಡು ಅಂಗಿ ನಿಧಾನವಾಗೇ ಮಡಚಿದೆ. ಮೂರನೇದಕ್ಕೆ ಏನೋ ಒಂಥರಾ ಆಯ್ತು. ಅಷ್ಟು ವರ್ಷ ದುಡಿದಿದೀನಿ, ನಾನು ಕೆಲಸ ಮಾಡೋದನ್ನ ಒಬ್ಬರೂ ನಿಂತು ನೋಡಿರಲಿಲ್ಲ. ಈ ಮನುಷ್ಯ ಓದಿದವರು, ಶರ್ಟಿಗೆ ಇಸ್ತ್ರಿ ಹಾಕ್ಕೊಂಡು ಬಂದಿದಾರೆ, ಕಣ್ಣು ಮಿಟುಕಿಸದೆ ನನ್ನ ಕೈ ನೋಡ್ತಿದಾರೆ. ಮನೆಗೆ ನೆಂಟರು ಬಂದ್ರೆ ಇರೋದ್ರಲ್ಲಿ ಒಳ್ಳೇದನ್ನ ಎತ್ತಿ ಕೊಡಲ್ವಾ? ಹಂಗಾಯ್ತು. ಕುಳ್ಳಿ ಕೆಮ್ಮಿದಳು. ಆಮೇಲೆ ಆ ಕಡೆಯವಳು ಕೆಮ್ಮಿದಳು. ಸ್ವಲ್ಪ ಹೊತ್ತಿಗೆ ಹಾಲೆಲ್ಲಾ ಕೆಮ್ಮು. ನಾನು ಅಂದ್ಕೊಂಡೆ, ಇವತ್ತು ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿಬಿಟ್ಟಿದಾರೆ ಅಂತ."

ಫಲಿತಾಂಶವನ್ನು ಸಭೆ ಕರೆದು ಪ್ರಕಟಿಸಿದರು. ಕೋಟಾ ಮೂರನೆಯ ಒಂದು ಪಾಲಿನಷ್ಟು ಏರಿತು. ಇದು ಯಾರ ಮೇಲೂ ಹೊರೆಯಾಗದು, ಏಕೆಂದರೆ ಇದನ್ನು ಸಾಧಾರಣ ವೇಗದ ಕೆಲಸಗಾರ್ತಿಯೊಬ್ಬರನ್ನು ನೋಡಿಯೇ ನಿಗದಿಪಡಿಸಲಾಗಿದೆ ಎಂದು ಸಾರ್ ಪ್ರಾಮಾಣಿಕವಾಗಿ ಹೇಳಿದರು.

ಇಷ್ಟು ವರ್ಷಗಳ ಮೇಲೂ ಆಕೆ ಮರೆಯದ ಮಾತು ಇದೊಂದು. "ಎಲ್ಲರೂ ಕೋಟಾ ಏರಿತು ಅಂತ ತಲೆ ಮೇಲೆ ಕೈ ಹೊತ್ತು ಕೂತಿದಾರೆ. ನನ್ನ ಸಂಕಟವೇ ಬೇರೆ. ನಾನು ಜೀವ ತೇಯ್ದು ಮಡಚಿದ್ದೀನಿ, ಆ ಮನುಷ್ಯ 'ಸಾಧಾರಣ' ಅಂದುಬಿಟ್ಟರಲ್ಲ. ಮನೆಗೆ ಬಂದು ಅತ್ತುಬಿಟ್ಟೆ. ನನ್ನ ಮಾನ ಹೋಯ್ತು ಅಂತ ಅತ್ತೆ, ಊರವರ ಹೊಟ್ಟೆ ಮೇಲೆ ಹೊಡೆದೆ ಅಂತ ಅಲ್ಲ. ಅಷ್ಟು ಬುದ್ಧಿ ನನಗೆ."

"ನನಗೆ ಊಟ ಬಡಿಸೋದನ್ನೂ ಮರೆತಳು," ಎಂದರು ಅತ್ತಿಗೆ.

ಹೊಸ ಕೋಟಾವನ್ನು ಒಂದು ತಿಂಗಳು ತಲುಪಲಾಗದವರನ್ನು ಒದ್ದೆ ಹಾಲಿಗೆ ಕಳುಹಿಸುವುದೆಂದು ನಿಯಮವಾಯಿತು. ಹೆಚ್ಚಿನವರು ಏದುಸಿರು ಬಿಡುತ್ತ, ಟೀ ಬಿಟ್ಟು, ಹೇಗೋ ಹತ್ತಿರ ಹತ್ತಿರ ಬರುತ್ತಿದ್ದರು. ಅತ್ತಿಗೆ ಹತ್ತಿರಕ್ಕೂ ಬರಲಿಲ್ಲ. ಅವರ ಬಲ ಹೆಗಲು ಎರಡು ವರ್ಷದಿಂದ ಸರಿಯಿರಲಿಲ್ಲ. ಮಡಚುವುದು ಕಷ್ಟವಲ್ಲ, ಕೊಡವುವುದು ಕಷ್ಟ. ಪ್ರತಿ ಅಂಗಿಗೂ ಒಮ್ಮೆ ತೋಳನ್ನು ತಲೆಯ ಮಟ್ಟಕ್ಕೆ ಎತ್ತಿ ಒದರಬೇಕು. ಹಳೆಯ ಕೋಟಾದಲ್ಲಿ ನಡುನಡುವೆ ನಿಂತು ಹೆಗಲು ತಿಕ್ಕಿಕೊಳ್ಳಲು ಬಿಡುವಿತ್ತು. ಹೊಸದರಲ್ಲಿ ಆ ಬಿಡುವು ಇರಲಿಲ್ಲ. ಬೆಲ್ ಹೊಡೆಯುವಾಗ ಅವರ ಮೇಜಿನ ಮೇಲೆ ಮಡಚದ ಅಂಗಿಗಳ ರಾಶಿ ಹಾಗೆಯೇ ಉಳಿದಿರುತ್ತಿತ್ತು.

ಒದ್ದೆ ಹಾಲಿಗೆ ಹೋಗುವುದೆಂದರೆ ಅವರ ಮಟ್ಟಿಗೆ ಕೆಲಸ ಬಿಟ್ಟಂತೆಯೇ. ಪಿಂಚಣಿಗೆ ಬೇಕಾದ ಸೇವೆ ಮುಗಿಯಲು ಇನ್ನೂ ಮೂರು ವರ್ಷ ಉಳಿದಿತ್ತು. ಅಷ್ಟರೊಳಗೆ ಬಿಟ್ಟರೆ ಕೈಗೆ ಏನೂ ಬಾರದು. ತಮ್ಮನ ಮನೆಯಲ್ಲಿದ್ದರೂ ತಮ್ಮನ ಮೇಲೆ ಭಾರ ಹಾಕದೆ ಬದುಕಿದ ಹೆಂಗಸು. ಗುರುತಿನ ಮೇಜಿನ ಮುದುಕಿ ಆಗಷ್ಟೇ ನಿವೃತ್ತಳಾಗಿದ್ದಳು. ಆ ಕುರ್ಚಿಯನ್ನಾದರೂ ಅವರಿಗೆ ಕೊಡಿ ಎಂದು ಹೆಂಗಸರು ಕೇಳಿದರು. ಯೋಚಿಸುತ್ತೇವೆಂದು ಆಡಳಿತದವರು ಹೇಳಿದರು, ಯೋಚಿಸುತ್ತಲೇ ಇದ್ದರು.

ಮನೆಯಲ್ಲಿ ಅತ್ತಿಗೆ ಈ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆದರೆ ತಲೆ ಬಾಚಿಕೊಳ್ಳಲು ಕೈ ಎತ್ತಲಾಗದೆ ಬಾಚಣಿಗೆಯನ್ನು ತಮ್ಮನ ಹೆಂಡತಿಯ ಮುಂದೆ ಹಿಡಿಯುವಂತಾಯಿತು. ಆಕೆ ಬಾಚಿದಳು.

"ಹೇಗೆ ಬಾಚಿದಳು ಕೇಳಿ," ಎಂದರು ಅತ್ತಿಗೆ. "ಹೆಗಲು ನೋವಿಗಿಂತ ಅದೇ ಜಾಸ್ತಿ. ಅರ್ಧ ಕೂದಲು ಅವಳ ಕೈಲೇ ಹೋಯ್ತು."

ಎಕ್ಸ್‌ಪ್ರೆಸ್ಸಕ್ಕ ತನ್ನ ಅಂಗಿಗಳ ಜೊತೆ ಅತ್ತಿಗೆಯದನ್ನೂ ಮಡಚಲು ನೋಡಿದಳು. ಪ್ರತಿ ಗಾಡಿಗೂ ಮೇಜಿನ ಸಂಖ್ಯೆಯ ಬಿಲ್ಲೆ ಇದ್ದುದರಿಂದ ಮೇಲ್ವಿಚಾರಕಿ ಒಂದೇ ದಿನಕ್ಕೆ ಹಿಡಿದಳು. ಅತ್ತಿಗೆಯೂ ಬೈದರು. ಕೊನೆಗೆ ದಾರಿ ತೋರಿಸಿದ್ದು ನಿಯಮವೇ: ಹೊಸ ಕೋಟಾದ ಬಗ್ಗೆ ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಿದರೆ ಇನ್ನೊಮ್ಮೆ ಅಳೆಯಬೇಕು. ಹೆಂಗಸರೆಲ್ಲ ಸೇರಿ ಆಕ್ಷೇಪಣೆ ಸಲ್ಲಿಸಿದರು. ಮರು ಅಳತೆಗೆ ದಿನವೂ ಗೊತ್ತಾಯಿತು. ಆಮೇಲೆ ಇನ್ನೊಂದು ನಿಯಮ ಹೊರಬಿತ್ತು. ಎರಡು ಅಳತೆಗಳನ್ನು ಹೋಲಿಸಬೇಕಾದರೆ ಕೆಲಸಗಾರ್ತಿ ಮೊದಲ ಸಲದವಳೇ ಆಗಿರಬೇಕು.

"ಕುಳ್ಳಿ ನನ್ನ ಮುಂದೆ ಬಂದು ಕೈ ಮುಗಿದಳು. ನಿಮಗೆ ಒಂದೆರಡು ದಿನ ಜ್ವರ ಬರಿಸೋಕಾಗುತ್ತಾ ಅಂತ ಕೇಳಿದಳು. ನನಗೆ ಜ್ವರ ಬಂದ್ರೆ ಇನ್ನೂ ಜಾಸ್ತಿ ಓಡ್ತೀನಿ ಅಂದೆ. ಅದು ನಿಜವೇ."

ಹಾಗಾಗಿ ಭಾನುವಾರ ಮಧ್ಯಾಹ್ನ ಆ ಒಂದೇ ಕೋಣೆಯ ಮನೆಯಲ್ಲಿ ನಿಧಾನದ ಪಾಠ ಶುರುವಾಯಿತು. ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿ, ಊಟದ ಮೇಜನ್ನು ನಡುವೆ ಎಳೆದರು. ರೋಗಿಗಳ ಅಂಗಿಗೆ ಬದಲಾಗಿ ಗಂಡನ ಬಣ್ಣ ಮೆತ್ತಿದ ಹಳೆಯ ಅಂಗಿಗಳು. ಸಮಯ ನೋಡಲು ಗಂಡನನ್ನೇ ಗೋಡೆ ಗಡಿಯಾರದ ಕೆಳಗೆ ನಿಲ್ಲಿಸಿದರು. ಕುಳ್ಳಿ ಮಾಸ್ತರಿಕೆಗೆ ಬಂದಿದ್ದಳು.

ಮೊದಲು ಮನಸ್ಸಿನಲ್ಲಿ ಎಣಿಸುತ್ತ ಮಡಚುವಂತೆ ಹೇಳಿದರು. ಆಕೆ ಎಣಿಕೆಯನ್ನೇ ವೇಗ ಮಾಡಿದಳು. ಆಮೇಲೆ ಜೋಗುಳದ ರಾಗ ಗುನುಗುತ್ತ ಮಡಚುವಂತೆ ಹೇಳಿದರು. ಜೋಗುಳ ಕುಣಿತದ ಹಾಡಾಯಿತು. ಮೂಲೆಯಲ್ಲಿ ಮಲಗಿದ್ದ ಮಗಳು ಎದ್ದು ಕುಳಿತಳು. ಗಂಡನ ದಪ್ಪ ಕೈಗವಸು ಹಾಕಿ ನೋಡಿದರು. ಕೈಗವಸು ಹಾಕಿಕೊಂಡೂ ಆಕೆ ಕುಳ್ಳಿಯ ಬರಿಗೈಯನ್ನು ಹಿಂದೆ ಹಾಕಿದಳು.

"ಏನ್ರೀ, ಈ ಸಲ ಹೇಗಿತ್ತು?" ಎಂದು ಗಂಡನನ್ನು ಕೇಳಿದಳು. "ಬೇಕು ಬೇಕು ಅಂತಲೇ ತಡ ಮಾಡಿದೆ."

ಗಂಡ ಗಡಿಯಾರವನ್ನು ಇನ್ನೊಮ್ಮೆ ನೋಡಿ, ಯೋಚಿಸಿ ಹೇಳಿದ: "ನಿನ್ನ ನಿಧಾನ ಅಂದ್ರೆ ನನ್ನ ಅವಸರ ಕಣೆ."

"ನಿಮ್ಮ ಥರ ಮಾಡಿದ್ರೆ ರೋಗಿ ವಾಸಿಯಾಗಿ ಮನೆಗೆ ಹೋಗಿರ್ತಾನೆ, ಅಂಗಿ ಇನ್ನೂ ಮೇಜಿನ ಮೇಲಿರುತ್ತೆ."

"ಅದೇ ಬೇಕಾಗಿರೋದು ಈಗ," ಎಂದಳು ಕುಳ್ಳಿ. "ಅಣ್ಣಾ, ನೀವೇ ಬಂದು ಲಾಂಡ್ರೀಲಿ ನಿಂತುಬಿಡಿ."

ಅತ್ತಿಗೆ ಈ ಹೊತ್ತೆಲ್ಲ ನೆಲದ ಮೇಲೆ ಕುಳಿತು, ಎಡಗೈಯಿಂದ ಬಲ ಹೆಗಲನ್ನು ಹಿಡಿದುಕೊಂಡು, ಸುಮ್ಮನೆ ನೋಡುತ್ತಿದ್ದರು. ಈ ಪಾಠ ತಮಗಾಗಿಯೇ ನಡೆಯುತ್ತಿರುವುದು ಅವರಿಗೆ ಮುಜುಗರವಾಗಿತ್ತೆಂದು ಕಾಣುತ್ತದೆ. ಆದರೆ ಅವರ ಕಣ್ಣು ಮಡಚುವ ಕೈಗಳ ಮೇಲಿರಲಿಲ್ಲ.

"ನಿಲ್ಲಿಸೇ ಸಾಕು," ಎಂದರು. "ತೊಂದರೆ ಇರೋದು ನಿನ್ನ ಕೈಯಲ್ಲಿ ಅಲ್ಲ, ಮುಖದಲ್ಲಿ."

"ನನ್ನ ಮುಖಕ್ಕೇನಾಗಿದೆ ಅತ್ತಿಗೆ?"

"ಏನೂ ಆಗಿಲ್ಲ. ಅದೇ ತೊಂದರೆ. ಕೈ ಎಲ್ಲೋ ಓಡ್ತಾ ಇದೆ, ಮುಖ ನೋಡಿದ್ರೆ ಬಸ್ಸಿಗೆ ಕಾಯೋಳ ಥರ ಇದೆ. ಆ ಸಾರ್ ನಿನ್ನ ಮುಖ ನೋಡಿ, ಇವಳಿಗೆ ಇದೇನೂ ಕಷ್ಟ ಇಲ್ಲ ಅಂದ್ಕೊಂಡರು. ಸಾಧಾರಣ ಅಂತ ಬರ್ಕೊಂಡರು. ಅವರೇ ಹೇಳಿದ್ರಲ್ಲ, ಅರ್ಧ ಗಡಿಯಾರ, ಅರ್ಧ ಕಣ್ಣು ಅಂತ. ಗಡಿಯಾರದ ಅರ್ಧ ನಿನ್ನ ಕೈಲಿ ಆಗಲ್ಲ. ಕಣ್ಣಿನ ಅರ್ಧ ನೋಡು."

ಅವರ ಮಾತಿನ ಅರ್ಥ ಎಲ್ಲರಿಗೂ ಹೊಳೆಯಿತು. ಕೈ ಎಷ್ಟು ಬೇಕಾದರೂ ಓಡಲಿ. ಆ ಓಟಕ್ಕೆ ಪ್ರಾಣವೇ ಹೋಗುತ್ತಿದೆಯೆಂದು ಕಂಡರೆ ಸಾಕು. ಅತಿ ವೇಗವೆಂದು ಸಾರ್ ಬರೆದುಕೊಳ್ಳುತ್ತಾರೆ, ಕೋಟಾ ಇಳಿಯುತ್ತದೆ.

ಪಾಠ ಬದಲಾಯಿತು. ಈಗ ಕಲಿಸಬೇಕಾಗಿದ್ದು ಅವಸರದ ಮುಖ. ಹುಬ್ಬು ಗಂಟಿಕ್ಕು, ತುಟಿ ಕಚ್ಚು, ಏದುಸಿರು ಬಿಡು ಎಂದು ಕುಳ್ಳಿ ಒಂದೊಂದಾಗಿ ಹೇಳಿದಳು. ಹುಟ್ಟಿದಾಗಿನಿಂದ ಅವಸರದಲ್ಲಿಯೇ ಬದುಕಿದ ಹೆಂಗಸಿಗೆ ಅವಸರದವಳಂತೆ ಕಾಣಲು ಮಾತ್ರ ಬರುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿದರೆ ನಗು ಬರುತ್ತಿತ್ತು. ಏದುಸಿರು ಬಿಟ್ಟರೆ ಗಂಡ ಹೆದರಿ ನೀರು ತರುತ್ತಿದ್ದ.

"ಹೆರಿಗೆ ನೆನಪು ಮಾಡ್ಕೋ," ಎಂದರು ಅತ್ತಿಗೆ.

"ಅದೂ ಬೇಗ ಆಗಿಹೋಯ್ತಲ್ಲ ಅತ್ತಿಗೆ. ಆಟೋದಲ್ಲೇ."

"ಆಟೋ ಡ್ರೈವರ್ ಮುಖ ನೆನಪು ಮಾಡ್ಕೋ ಹಾಗಾದ್ರೆ."

ಅದು ಫಲಿಸಿತು. ಆ ಡ್ರೈವರ್ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತ ಬಿಟ್ಟ ಉಸಿರು, ಒರೆಸಿಕೊಂಡ ಬೆವರು, ಹಲ್ಲು ಕಚ್ಚಿದ್ದು, ಎಲ್ಲವೂ ಆಕೆಗೆ ಚೆನ್ನಾಗಿ ನೆನಪಿತ್ತು. ಮರು ಅಳತೆಯ ದಿನ ಆಕೆ ಅವನದೇ ಮುಖ ಹೊತ್ತು ಮೇಜಿನ ಮುಂದೆ ನಿಂತಳು. ಬೆಳಿಗ್ಗೆಯೇ ಕೂದಲನ್ನು ಸ್ವಲ್ಪ ಕೆದರಿಕೊಂಡಿದ್ದಳು. ಒಣಗಿಸುವ ಯಂತ್ರದ ಬಾಗಿಲ ಬಳಿ ಒಂದಷ್ಟು ಹೊತ್ತು ನಿಂತು ಮುಖವನ್ನು ಕೆಂಪಗೆ ಮಾಡಿಕೊಂಡಿದ್ದಳು. ಈ ಬಾರಿ ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಸಾರ್ ಗುಂಡಿ ಒತ್ತಿದರು. ಆಕೆಯ ಕೈ ಎಂದಿನಂತೆ ಓಡಿತು. ಮೂರನೆಯ ಅಂಗಿಗೆ ಏದುಸಿರು ಶುರುವಾಯಿತು. ಆರನೆಯದಕ್ಕೆ ಆಕೆ ಮೇಜಿನ ಅಂಚು ಹಿಡಿದು ಒಂದು ಕ್ಷಣ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮತ್ತೆ ಶುರು ಮಾಡಿದಳು. ಸಾರ್ ಹಲಗೆಯನ್ನು ಕೆಳಗಿಳಿಸಿದರು.

"ಅಮ್ಮಾ, ಸ್ವಲ್ಪ ನಿಲ್ಲಿ. ಇಷ್ಟು ಕಷ್ಟಪಡಬೇಡಿ, ಸಹಜವಾಗಿ ಮಾಡಿ."

"ಇದೇ ಸಹಜ ಸಾರ್."

"ಹೋದ ಸಲ ಹೀಗಿರಲಿಲ್ಲವಲ್ಲ?"

"ಹೋದ ಸಲ ನೀವು ಹೊಸಬರು ಸಾರ್. ನಾಚಿಕೆ ಆಗಿ ಮುಚ್ಚಿಟ್ಟುಕೊಂಡಿದ್ದೆ."

ಕುಳ್ಳಿ ತನ್ನ ಮೇಜಿನ ಕೆಳಗೆ ಏನೋ ಬಿದ್ದಿದೆಯೆಂದು ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಸಾರ್ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅವರು ತಾವೇ ಹೋಗಿ ಒಂದು ಲೋಟ ನೀರು ತಂದುಕೊಟ್ಟರು, ಆಕೆ ಕುಡಿಯುವವರೆಗೂ ನಿಂತಿದ್ದರು, ಉಳಿದ ಅಳತೆಯನ್ನು ತಗ್ಗಿದ ದನಿಯಲ್ಲಿ ಮುಗಿಸಿದರು. ಆ ಮನುಷ್ಯ ಕೆಟ್ಟವರಲ್ಲ ಎಂಬುದನ್ನು ನಾದಿನಿ ಅತ್ತಿಗೆಯರಿಬ್ಬರೂ ನನಗೆ ಒತ್ತಿ ಹೇಳಿದ್ದಾರೆ. ಇಬ್ಬರೂ ಒಪ್ಪಿದ ಕೆಲವೇ ಸಂಗತಿಗಳಲ್ಲಿ ಅದೊಂದು.

ವಾರದ ನಂತರ ಮತ್ತೆ ಸಭೆ. ಮೊದಲ ಅಳತೆಯಲ್ಲಿ ವೇಗವನ್ನು ಅಂದಾಜು ಮಾಡುವಾಗ ತಮ್ಮಿಂದ ತಪ್ಪಾಗಿದೆಯೆಂದು ಸಾರ್ ಎಲ್ಲರೆದುರು ಒಪ್ಪಿಕೊಂಡರು. ಅದು ಸಾಧಾರಣ ವೇಗವಲ್ಲ, ದೇಹವನ್ನು ಮೀರಿ ದುಡಿಯುವ ಅಸಾಧಾರಣ ವೇಗ. ಅದನ್ನು ಇತರರಿಂದ ನಿರೀಕ್ಷಿಸಬಾರದು. ಕೋಟಾ ಹಿಂದಿದ್ದ ಮಟ್ಟಕ್ಕೆ, ಅದಕ್ಕಿಂತಲೂ ಕೊಂಚ ಕೆಳಕ್ಕೆ ಇಳಿಯಿತು. ಅತ್ತಿಗೆ ಒದ್ದೆ ಹಾಲಿಗೆ ಹೋಗಬೇಕಾಗಿಲ್ಲವೆಂದಾಯಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಅಸಾಧಾರಣ ಎಂಬ ಮಾತು ಕಿವಿಗೆ ಬಿದ್ದದ್ದೇ ಎಕ್ಸ್‌ಪ್ರೆಸ್ಸಕ್ಕ ಉಳಿದುದನ್ನೆಲ್ಲ ಮರೆತು ಎದೆಯುಬ್ಬಿಸಿ ನಿಂತುಬಿಟ್ಟಳು; ಉಸಿರಾಟದ ತೊಂದರೆ ನೆನಪಾಗಿ ತಕ್ಷಣ ಕುಗ್ಗಿದಳು.

ಆದರೆ ಸಾರ್ ಮಾತು ಮುಗಿದಿರಲಿಲ್ಲ. ಈ ತಾಯಿ ಹೀಗೆಯೇ ದುಡಿದರೆ ಹೆಚ್ಚು ದಿನ ಬಾಳಲಾರರು ಎಂದು ತಾವು ಆಡಳಿತಕ್ಕೆ ಬರೆದಿರುವುದಾಗಿಯೂ, ತಮ್ಮ ಒತ್ತಾಯದ ಮೇಲೆ ಅವರಿಗೆ ಹಗುರ ಕೆಲಸ ಮಂಜೂರಾಗಿರುವುದಾಗಿಯೂ ತಿಳಿಸಿದರು. ನಾಳೆಯಿಂದ ಗುರುತಿನ ಮೇಜು.

"ಆ ಒಂದು ಕುರ್ಚಿಗೆ ನಾವು ಇಪ್ಪತ್ತು ಜನ ಬೇಡಿಕೊಂಡಿದ್ವಿ, ಅತ್ತಿಗೆಗೆ ಕೊಡಿ ಅಂತ," ಎಂದಳು ಆಕೆ. "ಹೆಗಲು ಮುರಿದೋರು ನಿಂತ್ಕೊಂಡು ಕೊಡವಬೇಕು. ಕಲ್ಲು ತಿಂದು ಕರಗಿಸೋ ನಾನು ಕುರ್ಚಿ ಮೇಲೆ ಕೂತು ಪಟ್ಟಿ ಹೊಲೀಬೇಕು. ನಾನು ಸಾರ್ ಹತ್ತಿರ ಹೋಗಿ ಬೇಡ ಸಾರ್, ಅವರಿಗೆ ಕೊಡಿ ಅಂದೆ. ಅವರ ಕಣ್ಣಲ್ಲಿ ನೀರು ಬಂತು. ಈ ಸ್ಥಿತೀಲೂ ಬೇರೆಯವರ ಬಗ್ಗೆ ಯೋಚಿಸ್ತೀರಲ್ಲ ಅಂದರು. ಇನ್ನೇನು ಹೇಳಲಿ? ಪೂರ್ತಿ ಸುಳ್ಳು ಅಂದ್ರೆ ಕೋಟಾ ವಾಪಸ್ ಏರುತ್ತೆ. ಬಾಯಿ ಮುಚ್ಕೊಂಡು ಕುರ್ಚಿ ಮೇಲೆ ಕೂತೆ."

ಗುರುತಿನ ಮೇಜಿಗೆ ಸಂಬಳ ಮಾತ್ರ, ಬೋನಸ್ ಇರಲಿಲ್ಲ. ಪಕ್ಕದ ಕೋಣೆಯ ಮಾತು ಅಲ್ಲಿಗೆ ನಿಂತಿತು. ನಾನು ಆ ಲಾಂಡ್ರಿಯ ವಾರ್ಷಿಕ ವರದಿಯನ್ನು ಹುಡುಕಿ ಓದಿದ್ದೇನೆ. ತಲಾ ಉತ್ಪಾದನೆ ವರ್ಷದ ಮೊದಲರ್ಧದಲ್ಲಿ ಏರಿ, ಎರಡನೆಯ ಅರ್ಧದಲ್ಲಿ ಸ್ಥಿರಗೊಂಡಿತೆಂದು ಅದರಲ್ಲಿದೆ. ಅದನ್ನು ಆಕೆಗೆ ಓದಿ ಹೇಳಿದಾಗ, "ಸ್ಥಿರಗೊಂಡಿದ್ದು ನಾನು, ಕುರ್ಚಿಗೆ ಅಂಟಿಕೊಂಡು" ಎಂದಳು. ನನ್ನ ಮೊದಲ ಪ್ರಶ್ನೆಯ ಮುಂದಿನ ಖಾಲಿ ಜಾಗದಲ್ಲಿ ಏನು ಬರೆಯಬೇಕೆಂದು ನನಗೆ ಇಂದಿಗೂ ಹೊಳೆದಿಲ್ಲ. ಒಬ್ಬಳ ಗಳಿಕೆ ಇಳಿಯಿತು, ಇನ್ನೊಬ್ಬರ ಪಿಂಚಣಿ ಉಳಿಯಿತು. ಎರಡೂ ಒಂದೇ ಮನೆಯಲ್ಲಿ ಆದವು. ಇವನ್ನು ಕೂಡಿಸಬೇಕೋ ಕಳೆಯಬೇಕೋ ಹೇಳಿಕೊಡುವ ವಿಧಾನ ನಾನು ಕಲಿತ ವಿಧಾನಗಳಲ್ಲಿ ಇರಲಿಲ್ಲ.

ಹೊಸ ವ್ಯವಸ್ಥೆಯ ಮೊದಲ ದಿನ ಎಕ್ಸ್‌ಪ್ರೆಸ್ಸಕ್ಕ ಮಧ್ಯಾಹ್ನದೊಳಗೆ ಪಟ್ಟಿಗಳನ್ನೆಲ್ಲ ಹೊಲಿದು ಮುಗಿಸಿದಳು. ಕಾಯಿಲೆಯವಳು ಹೀಗೆ ಮುಗಿಸಬಾರದೆಂದು ಕುಳ್ಳಿ ಬಂದು ಕಿವಿಯಲ್ಲಿ ಹೇಳಿದ ಮೇಲೆ, ಅರ್ಧದಷ್ಟನ್ನು ಬಿಚ್ಚಿ ಮತ್ತೆ ಹೊಲಿದಳು. ಬಿಚ್ಚಿದ್ದೂ ಬೇಗನೆ. ಮಿಕ್ಕ ಹೊತ್ತನ್ನೆಲ್ಲ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, ಹಾಲಿನ ಆ ಕಡೆಯ ಮೇಜನ್ನು ನೋಡುತ್ತ ಕುಳಿತಳು. ಅಲ್ಲಿ ಅತ್ತಿಗೆ ಒಂದು ಅಂಗಿ ಕೊಡವುತ್ತಿದ್ದರು, ನಿಲ್ಲುತ್ತಿದ್ದರು, ಹೆಗಲು ತಿಕ್ಕಿಕೊಳ್ಳುತ್ತಿದ್ದರು, ಮತ್ತೊಂದು ಕೊಡವುತ್ತಿದ್ದರು. ಬೆಲ್ ಹೊಡೆದಾಗ ಅವರ ಮೇಜು ಖಾಲಿಯಾಗಿತ್ತು.

ಇಬ್ಬರೂ ಗೇಟಿನಿಂದ ಹೊರಗೆ ಬಂದರು. ಬಸ್ ನಿಲ್ದಾಣ ದೂರವೇನಲ್ಲ, ಬಸ್ಸು ಆಗಲೇ ಬಂದು ನಿಂತಿತ್ತು. ಎಕ್ಸ್‌ಪ್ರೆಸ್ಸಕ್ಕ ಓಡಲು ಕಾಲೆತ್ತಿದಳು. ಅತ್ತಿಗೆ ತಮ್ಮ ಒಳ್ಳೆಯ ಕೈಯಿಂದ ಆಕೆಯ ಮೊಣಕೈ ಹಿಡಿದರು.

"ಹಿಂದೆ ನೋಡಬೇಡ. ನಿನ್ನ ಸಾರ್ ಬರ್ತಿದಾರೆ."

"ಎಷ್ಟು ದೂರದಲ್ಲಿದಾರೆ ಅತ್ತಿಗೆ?"

"ಹತ್ತಿರದಲ್ಲೇ. ನಿನ್ನನ್ನೇ ನೋಡ್ತಾ ಇದಾರೆ ಪಾಪ. ಮೆತ್ತಗೆ ನಡಿ."

ಆಕೆ ನಡೆದಳು. ಒಂದು ಹೆಜ್ಜೆ ಊರಿದ ಮೇಲೆ ಇನ್ನೊಂದು, ನಡುವೆ ನಿಂತು ಉಸಿರೆಳೆದುಕೊಂಡು, ಅತ್ತಿಗೆಯ ತೋಳಿಗೆ ಆತುಕೊಂಡು. ಬಸ್ಸು ಹೊರಟುಹೋಯಿತು. ಆಮೇಲೆ ಬಂದ ಬಸ್ಸೂ ಅವರು ತಲುಪುವ ಮೊದಲೇ ಹೋಯಿತು. ನಿಲ್ದಾಣದ ಬೆಂಚಿನ ಮೇಲೆ ಕುಳಿತಾಗ ಆಕೆಗೆ ನಿಜವಾಗಿಯೂ ಬೆವರು ಕಿತ್ತುಕೊಂಡು ಬಂದಿತ್ತು.

"ಈ ನಿಧಾನ ಅನ್ನೋದು ಇಷ್ಟು ಸುಸ್ತಾಗುತ್ತೆ ಅಂತ ಗೊತ್ತಿರಲಿಲ್ಲ ಅತ್ತಿಗೆ," ಎಂದಳು.

ಅತ್ತಿಗೆ ಹಿಂದಿರುಗಿ ನೋಡಿದರು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಅವರೇ ನನ್ನೆದುರು ಒಪ್ಪಿಕೊಂಡಂತೆ, ಮೊದಲಿನಿಂದಲೂ ಯಾರೂ ಇರಲಿಲ್ಲ. ಅವರಿಗೆ ಅಂದು ಓಡುವ ಮನಸ್ಸಿರಲಿಲ್ಲ, ಅಷ್ಟೇ.

"ಇನ್ನೂ ಮೂರು ವರ್ಷ ಇದೆ," ಎಂದರು. "ಅಭ್ಯಾಸ ಆಗುತ್ತೆ."